ಮೊದಲು ಅಳತೆ, ಆಮೇಲೆ ಪಿಸ್ಟನ್

ಪ್ರಶ್ನೆ: ನನ್ನ ಮಾರಿಸ್ ಮೈನರ್ ಕಾರಿನಲ್ಲಿರುವುದು 1098 ಸಿಸಿ ಎಂಜಿನ್. ಕಾರು ಹಲವು ವರ್ಷ ನಿಂತಲ್ಲೇ ನಿಂತಿತ್ತು. ಎಂಜಿನ್ ಇನ್ನೂ ಬಿಚ್ಚಿಲ್ಲ. ಅಷ್ಟರಲ್ಲಿ ಒಬ್ಬರು ಪಿಸ್ಟನ್, ರಿಂಗ್, ಬೇರಿಂಗ್, ಗ್ಯಾಸ್ಕೆಟ್ ಎಲ್ಲವೂ ಇರುವ ಪೂರ್ತಿ ಸೆಟ್ ಅನ್ನು ಅಗ್ಗಕ್ಕೆ ಕೊಡುತ್ತೇನೆ ಎನ್ನುತ್ತಿದ್ದಾರೆ. ಎಲ್ಲವೂ ಸ್ಟ್ಯಾಂಡರ್ಡ್ ಸೈಜ್. ತೆಗೆದುಕೊಳ್ಳಲೇ? ಹೊಸ ಕ್ಯಾಮ್‌ಶಾಫ್ಟ್ ಹಾಕಿದರೆ ಹಳೆಯ ಟ್ಯಾಪೆಟ್‌ಗಳನ್ನೇ ಬಳಸಬಹುದೇ?

ಉತ್ತರ: ಸದ್ಯಕ್ಕೆ ಬೇಡ. ಯಾವ ಸೈಜಿನ ಪಿಸ್ಟನ್ ಬೇಕೆಂದು ಹೇಳಬೇಕಾದದ್ದು ನಿಮ್ಮ ಬ್ಲಾಕ್ (ಸಿಲಿಂಡರುಗಳಿರುವ ಎಂಜಿನ್ನಿನ ಒಡಲು), ಮಾರುವವರಲ್ಲ. ಈ ಎಂಜಿನ್ನಿನ ಮೂಲ ಬೋರ್, ಅಂದರೆ ಸಿಲಿಂಡರಿನ ಒಳವ್ಯಾಸ, 64.58 ಮಿ.ಮೀ. ಅರ್ಧ ಶತಮಾನ ದಾಟಿದ ಬ್ಲಾಕ್ ಇನ್ನೂ ಆ ಅಳತೆಯಲ್ಲೇ ಉಳಿದಿದ್ದರೆ ನೀವು ಅದೃಷ್ಟವಂತರು. ಹಿಂದಿನ ಮಾಲೀಕರು ಒಮ್ಮೆ ಬೋರ್ ಮಾಡಿಸಿ (ಕೊರೆಸಿ ದೊಡ್ಡದು ಮಾಡಿಸಿ) ಓವರ್‌ಸೈಜ್ ಪಿಸ್ಟನ್ ಹಾಕಿಸಿರುವ ಸಾಧ್ಯತೆಯೇ ಹೆಚ್ಚು. ಬ್ಲಾಕಿನ ಮೇಲಿನ ಮುಚ್ಚಳವಾದ ಹೆಡ್ ತೆಗೆದು ಪಿಸ್ಟನ್ನಿನ ತಲೆಯ ಮೇಲಿನ ಮಸಿ ಒರೆಸಿ ನೋಡಿ, 020 ಅಥವಾ 040 ಎಂಬ ಅಚ್ಚು ಕಾಣಬಹುದು. ಅದು ಇಂಚಿನ ಸಾವಿರದ ಲೆಕ್ಕ. 020 ಎಂದರೆ ಸುಮಾರು ಅರ್ಧ ಮಿಲಿಮೀಟರ್ ದೊಡ್ಡದು.

ಬಳಿಕ ಸಿಲಿಂಡರಿನ ಒಳಗೋಡೆಯ ಮೇಲ್ತುದಿಯಲ್ಲಿ ಉಗುರು ಆಡಿಸಿ. ಉಗುರು ಉಬ್ಬಿದ ಅಂಚಿಗೆ ತಗುಲಿ ನಿಂತರೆ ಅದರ ಕೆಳಗೆ ಗೋಡೆ ಸವೆದಿದೆ. ಸವೆತ ಅಲ್ಲೇ ಹೆಚ್ಚು: ಪಿಸ್ಟನ್ ಮೇಲೆ ಬಂದು ಕ್ಷಣ ನಿಂತಾಗ ಎಣ್ಣೆಯ ಪದರ ತೆಳುವಾಗುತ್ತದೆ, ಅದೇ ಹೊತ್ತಿಗೆ ಉರಿಯುವ ಅನಿಲದ ಒತ್ತಡ ರಿಂಗನ್ನು ಗೋಡೆಗೆ ಅದುಮುತ್ತದೆ. ಬೋರ್ ಗೇಜಿನಿಂದ ಮೇಲೆ, ನಡುವೆ, ಕೆಳಗೆ, ಪ್ರತಿ ಕಡೆಯೂ ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ಅಳೆಸಿ. ಸವೆದ ಬೋರಿಗೆ ಹೊಸ ರಿಂಗ್ ಮಾತ್ರ ಹಾಕಿ ಮುಗಿಸಿದರೆ ಹೊಗೆ ಮತ್ತೆ ನಿಮ್ಮನ್ನು ಹುಡುಕಿಕೊಂಡು ಬರುತ್ತದೆ.

ಓವರ್‌ಸೈಜ್ ಬೇಕೆಂದಾದರೆ ಮೊದಲು ಪಿಸ್ಟನ್ ಕೊಂಡು ಲೇತ್‌ನವರ ಕೈಗೆ ಕೊಡಿ. ಅವರು ಆ ಪಿಸ್ಟನ್ನನ್ನೇ ಅಳೆದು ಬೋರ್ ಮಾಡಲಿ. ಜೋಡಿಸುವಾಗ ಒಂದೊಂದು ರಿಂಗನ್ನೂ ಅದರದೇ ಬೋರಿಗೆ ಇಳಿಸಿ ತುದಿಗಳ ನಡುವಿನ ಸಂದು ನೋಡಿ. ಈ ಬೋರಿಗೆ ಸುಮಾರು 0.25 ಮಿ.ಮೀ. ಸರಿ. ಸಂದು ಇಲ್ಲದಿದ್ದರೆ ಬಿಸಿಗೆ ಹಿಗ್ಗಿದ ರಿಂಗಿನ ತುದಿಗಳು ಒಂದನ್ನೊಂದು ಗುದ್ದಿ ರಿಂಗ್ ಮುರಿಯುತ್ತದೆ.

ಬೇರಿಂಗಿನ ಕಥೆಯೂ ಇದೇ, ಲೆಕ್ಕ ಮಾತ್ರ ತಿರುಗುಮುರುಗು. ಪಿಸ್ಟನ್‌ಗಳು ತಿರುಗಿಸುವ ದಂಡವಾದ ಕ್ರ್ಯಾಂಕನ್ನು ಗ್ರೈಂಡ್ ಮಾಡಿದಷ್ಟೂ ಅದು ಸಣ್ಣದಾಗುತ್ತದೆ, ಬೇರಿಂಗ್ ದಪ್ಪವಾಗಬೇಕು. ಹಳೆಯ ಬೇರಿಂಗಿನ ಬೆನ್ನ ಮೇಲಿನ ಅಂಕಿ ಹಿಂದೆ ಏನಾಗಿತ್ತೆಂದು ಹೇಳುತ್ತದೆ, ಈಗ ಏನು ಬೇಕೆಂದಲ್ಲ. ಕ್ರ್ಯಾಂಕ್ ಅಳೆಸುವವರೆಗೆ ಬೇರಿಂಗ್ ಕೊಳ್ಳಬೇಡಿ.

ಟ್ಯಾಪೆಟ್ ವಿಷಯದಲ್ಲಿ ಕೈ ಬಿಗಿ ಮಾಡಬೇಡಿ. ಕ್ಯಾಮ್‌ಶಾಫ್ಟಿನ (ಕ್ಯಾಮ್) ಉಬ್ಬುಗಳು ತಳ್ಳಿ ವಾಲ್ವ್ ತೆರೆಸುವ ತುಂಡುಗಳೇ ಟ್ಯಾಪೆಟ್. ಹಳೆಯ ಟ್ಯಾಪೆಟ್ ತನ್ನ ಹಳೆಯ ಕ್ಯಾಮಿನ ಜೊತೆ ಸವೆದು ಒಗ್ಗಿಕೊಂಡಿರುತ್ತದೆ. ಹೊಸ ಕ್ಯಾಮಿನ ಮೇಲೆ ಅದನ್ನಿಟ್ಟರೆ ಕ್ಯಾಮಿನ ಉಬ್ಬು ಬೇಗ ಸವೆದು, ಆ ಲೋಹದ ಪುಡಿ ನಿಮ್ಮ ಹೊಸ ಬೇರಿಂಗಿಗೆ ಸೇರುತ್ತದೆ. ಕ್ಯಾಮ್ ಹೊಸದಾದರೆ ಟ್ಯಾಪೆಟ್ಟೂ ಹೊಸದು. ಜೋಡಿಸುವಾಗ ಕ್ಯಾಮ್ ಲೂಬ್ ಧಾರಾಳವಾಗಿ ಹಚ್ಚಿ, ಸತು ಮತ್ತು ರಂಜಕದ ಅಂಶ ಹೆಚ್ಚಿರುವ ಎಂಜಿನ್ ಆಯಿಲ್ ಹಾಕಿ. ಮೊದಲ ಸಲ ಸ್ಟಾರ್ಟ್ ಆದೊಡನೆ ಐಡಲಿಗೆ ಬಿಡದೆ ಸುಮಾರು 20 ನಿಮಿಷ 2000 ಆರ್‌ಪಿಎಮ್ ಆಸುಪಾಸಿನಲ್ಲಿ ಓಡಿಸಿ.

ಹೇಗೂ ಹೆಡ್ ಬಿಚ್ಚಿರುತ್ತೀರಿ, ಎಕ್ಸಾಸ್ಟ್ ವಾಲ್ವಿಗೆ ಗಟ್ಟಿ ಸೀಟ್ ಕೂರಿಸಿ. ಈ ಎಂಜಿನ್ ರೂಪುಗೊಂಡದ್ದು ಪೆಟ್ರೋಲಿನಲ್ಲಿ ಸೀಸ ಇದ್ದ ಕಾಲದಲ್ಲಿ. ಸೀಟ್ ಸವೆಯದಂತೆ ಕಾಯುತ್ತಿದ್ದದ್ದು ಆ ಸೀಸ, ಈಗಿನ ಪೆಟ್ರೋಲಿನಲ್ಲಿ ಅದಿಲ್ಲ.

ಮಾರುವವರು ಗ್ಯಾಸ್ಕೆಟ್ ಸೆಟ್ ಮಾತ್ರ ಬೇರೆಯಾಗಿ ಕೊಟ್ಟರೆ ಕೊಳ್ಳಬಹುದು, ಆದರೆ ಪೊಟ್ಟಣ ಹಳೆಯದಾಗಿರಬಾರದು. ದಶಕಗಳಿಂದ ಕಪಾಟಿನಲ್ಲಿದ್ದ ಕಾರ್ಕ್ ಒಣಗಿ ಕುಗ್ಗಿರುತ್ತದೆ, ರಬ್ಬರ್ ಕಲ್ಲಾಗಿರುತ್ತದೆ. ಕ್ರ್ಯಾಂಕಿನ ಹಿಂದುಗಡೆಗೆ ಸೀಲ್ ಯಾಕೆ ಬಂದಿಲ್ಲವೆಂದು ಅವರೊಡನೆ ಜಗಳವಾಡಬೇಡಿ. ಅಲ್ಲಿ ರಬ್ಬರ್ ಸೀಲೇ ಇಲ್ಲ. ತಿರುಪಿನಂಥ ಗೀರು ಎಣ್ಣೆಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ನಿಲ್ಲಿಸಿದ ಜಾಗದಲ್ಲಿ ಒಂದೆರಡು ತೊಟ್ಟು ಎಣ್ಣೆ ಬಿದ್ದರೆ ನಿಮ್ಮ ಕೆಲಸ ಕೆಟ್ಟಿತೆಂದು ಮತ್ತೆ ಬಿಚ್ಚಲು ಹೋಗಬೇಡಿ.