ಒಂದೇ ಸಂಶೋಧನಾ ಪ್ರಬಂಧವನ್ನು ಒಟ್ಟಿಗೆ ಎರಡು ಜರ್ನಲ್‌ಗಳಿಗೆ ಕಳಿಸಬಹುದಾ?

ಕಳಿಸಬಾರದು. ಉತ್ತರಕ್ಕೆ ತಿಂಗಳುಗಟ್ಟಲೆ ಕಾಯಬೇಕು, ಹಾಗಾಗಿ ಎರಡು ಕಡೆ ಹಾಕೋಣ ಅನ್ನಿಸುವುದು ಸಹಜವೇ. ಆದರೆ 'ಇದು ಬೇರೆಲ್ಲೂ ಪರಿಶೀಲನೆಯಲ್ಲಿಲ್ಲ' ಎಂದು ಸಲ್ಲಿಸುವಾಗಲೇ ನೀವು ಸಾಮಾನ್ಯವಾಗಿ ಒಪ್ಪಿಕೊಂಡಿರುತ್ತೀರಿ. ಪ್ರಬಂಧ ಓದಿ ಅಭಿಪ್ರಾಯ ಬರೆಯುವ ತಜ್ಞರಲ್ಲಿ ಹೆಚ್ಚಿನವರಿಗೆ ಅದಕ್ಕೆ ದುಡ್ಡೇನೂ ಸಿಗುವುದಿಲ್ಲ. ಅವರ ಸಮಯ ಸುಮ್ನೆ ಹಾಳು. ಜೊತೆಗೆ, ಒಂದು ಸಣ್ಣ ವಿಷಯಕ್ಕೆ ತಜ್ಞರೂ ಕಡಿಮೆ. ಎರಡೂ ಜರ್ನಲ್‌ಗಳು ಒಬ್ಬರಿಗೇ ಕಳಿಸಿದರೆ ಸಿಕ್ಕಿಬಿದ್ದಂತೆಯೇ! ಎರಡರಲ್ಲೂ ಪ್ರಕಟವಾದರೆ ಇನ್ನೂ ಕಷ್ಟ. ಕಾಪಿರೈಟ್ ತಕರಾರು ಬರಬಹುದು, ಒಂದನ್ನು ಜರ್ನಲ್ ಹಿಂಪಡೆಯಬಹುದು. ಆ ದಾಖಲೆ ನಿಮ್ಮ ಹೆಸರಿನ ಜೊತೆ ಉಳಿದುಬಿಡುತ್ತದೆ.

ಪ್ರಿಪ್ರಿಂಟ್, ಅಂದರೆ ತಜ್ಞರ ಪರಿಶೀಲನೆಗೆ ಮೊದಲೇ ಎಲ್ಲರೂ ಓದಲೆಂದು ಆನ್‌ಲೈನ್‌ನಲ್ಲಿ ಹಾಕುವ ಪ್ರಬಂಧ, ಬೇರೆ ಮಾತು. 1991ರಲ್ಲಿ ಶುರುವಾದ ಆರ್ಕೈವ್‌ನಂಥ (arXiv) ತಾಣದಲ್ಲಿ ಮೊದಲೇ ಹಾಕಿದ್ದರೂ ಹೆಚ್ಚಿನ ವಿಜ್ಞಾನ ಜರ್ನಲ್‌ಗಳು ತಕರಾರು ಮಾಡುವುದಿಲ್ಲ. ಆದರೂ ಅವರ ನಿಯಮ ಓದಿಕೊಳ್ಳಿ.

ತೀರಾ ತಡವಾದರೆ ಸಂಪಾದಕರಿಗೆ ಮೇಲ್ ಹಾಕಿ ಕೇಳಿ, ತಪ್ಪೇನಿಲ್ಲ. ಬೇರೆ ಕಡೆಗೇ ಹೋಗುವುದಾದರೆ, ಎಲ್ಲ ಲೇಖಕರೂ ಒಪ್ಪಿದ ಮೇಲೆ, ಪ್ರಬಂಧ ವಾಪಸ್ ತೆಗೆದುಕೊಳ್ಳುತ್ತೇವೆ ಎಂದು ಬರೆಯಿರಿ. ಆಗಲಿ ಎಂಬ ಉತ್ತರ ಕೈಗೆ ಬಂದ ನಂತರವೇ ಇನ್ನೊಂದಕ್ಕೆ ಕಳಿಸಿ. ಹಾಗೇ, ಕವರ್ ಲೆಟರ್‌ನಲ್ಲಿ ಹಳೆ ಜರ್ನಲ್‌ನ ಹೆಸರು ಉಳಿದಿಲ್ಲ ಅಲ್ವಾ, ಒಮ್ಮೆ ನೋಡಿಬಿಡಿ.