ಪ್ರಶ್ನೆ–ಉತ್ತರ: ಕೊಳವೆಯಲ್ಲಿ ಅಂಟುವ ಪೆಪ್ಟೈಡ್ ಕೋಶದಲ್ಲೇಕೆ ಸೋಲುತ್ತದೆ?

ಪ್ರಶ್ನೆ: ಕೋಶಕ್ಕೆ ಬೆಳೆಯುವ ಸಂಕೇತ ಕೊಡುವ ಕೆರಾಸ್ (KRAS) ಪ್ರೋಟೀನಿನ ಜಿ12ಡಿ ರೂಪಾಂತರಕ್ಕೆ ಅಂಟುವ, 19 ಅಮೈನೊ ಆಮ್ಲಗಳ ಉಂಗುರದ ಪೆಪ್ಟೈಡ್ (ಅಮೈನೊ ಆಮ್ಲಗಳ ಪುಟ್ಟ ಸರ) ತರಿಸಿದ್ದೇವೆ. ಎರಡು ತುದಿಗಳಲ್ಲೂ ನಾಲ್ಕು ನಾಲ್ಕು ಅರ್ಜಿನಿನ್ ಇವೆ. ಶುದ್ಧ ಪ್ರೋಟೀನಿಗೆ ಗಟ್ಟಿಯಾಗಿ ಅಂಟುತ್ತದೆ, ಆದರೆ ಎ549 ಶ್ವಾಸಕೋಶ ಕ್ಯಾನ್ಸರ್ ಕೋಶಗಳಿಗೆ ಹಾಕಿದರೆ ಏನೂ ಆಗುವುದಿಲ್ಲ.
— ಸಂಶೋಧನಾ ವಿದ್ಯಾರ್ಥಿನಿ, ಕೊಣಾಜೆ

ಉತ್ತರ: ಮೊದಲು ಕೋಶವನ್ನೇ ಬದಲಿಸಿ. ಎ549ರಲ್ಲಿರುವುದು ಜಿ12ಎಸ್; ಅಂದರೆ 12ನೇ ಜಾಗದ ಗ್ಲೈಸಿನ್ ಹೋಗಿ ಸೆರೀನ್ ಬಂದಿದೆ. ನಿಮಗೆ ಬೇಕಾದದ್ದು ಆ ಜಾಗದಲ್ಲಿ ಆಸ್ಪಾರ್ಟಿಕ್ ಆಮ್ಲವಿರುವ ಎ-427. ಈ ಎಡವಟ್ಟು ಬಹಳ ಸಾಮಾನ್ಯ.

ಎರಡನೆಯದು ತೂಕ. ಪೆಪ್ಟೈಡ್ ಪುಡಿ ಸಾಮಾನ್ಯವಾಗಿ ಟಿಎಫ್‌ಎ (ಟ್ರೈಫ್ಲೋರೊಅಸಿಟಿಕ್ ಆಮ್ಲ) ಲವಣವಾಗಿ ಬರುತ್ತದೆ. ಎಂಟು ಅರ್ಜಿನಿನ್‌ಗೆ ಎಂಟು ಟಿಎಫ್‌ಎ ಅಂಟಿಕೊಂಡರೆ 1 ಮಿಲಿಗ್ರಾಂ ಪುಡಿಯಲ್ಲಿ ಪೆಪ್ಟೈಡ್ ಇರುವುದು ಮುಕ್ಕಾಲು ಪಾಲಿಗಿಂತ ಕಡಿಮೆ. ಟಿಎಫ್‌ಎ ಸ್ವತಃ ಕೋಶದ ಬೆಳವಣಿಗೆಯ ಮೇಲೆ ಪರಿಣಾಮ ಬೀರಬಲ್ಲದು, ಹಾಗಾಗಿ ಅಸಿಟೇಟ್ ಲವಣ ಕೇಳಿ ಪಡೆಯಿರಿ. ಜೊತೆಗೆ ನಮ್ಮೂರ ಜೂನ್–ಜುಲೈ ಗಾಳಿ! ಫ್ರೀಜರಿನಿಂದ ತೆಗೆದ ಸೀಸೆಯನ್ನು ಆಗಲೇ ತೆರೆದರೆ ಒಳಗೆ ನೀರು ಕಟ್ಟುತ್ತದೆ, ಪುಡಿ ಅಂಟಂಟಾಗುತ್ತದೆ, ತೂಕ ಸುಳ್ಳಾಗುತ್ತದೆ. ಸಿಲಿಕಾ ಜೆಲ್ ಇರುವ ಮುಚ್ಚಿದ ಡಬ್ಬದಲ್ಲಿ ಅರ್ಧ ಗಂಟೆ ಇಟ್ಟು, ಕೋಣೆಯ ಬಿಸಿಗೆ ಬಂದ ಮೇಲೆ ಮುಚ್ಚಳ ತೆಗೆಯಿರಿ. ಕರಗಿಸಿದ್ದನ್ನು ಸಣ್ಣ ಸಣ್ಣ ಪಾಲು ಮಾಡಿ ಇಡಿ. ಮತ್ತೆ ಮತ್ತೆ ಹೆಪ್ಪುಗಟ್ಟಿಸಬೇಡಿ.

ನಿಜವಾದ ತೊಡಕು ಇನ್ನು ಮುಂದಿದೆ. ಕೋಶಗಳ ಆಹಾರದ್ರವದಲ್ಲಿ ಶೇ. 10 ಸೀರಮ್ ಇದ್ದರೆ ಅದರ ಕಿಣ್ವಗಳು ಅರ್ಜಿನಿನ್ ಬುಡದಲ್ಲೇ ಕತ್ತರಿ ಹಾಕಬಹುದು. 37 ಡಿಗ್ರಿಯಲ್ಲಿ ಸೀರಮ್ ಜೊತೆ ಇಟ್ಟು 0, 30, 60, 120, 240 ನಿಮಿಷಕ್ಕೆ ಮಾದರಿ ತೆಗೆದು ಎಚ್‌ಪಿಎಲ್‌ಸಿಯಲ್ಲಿ (ಬೆರಕೆಯ ಅಣುಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ) ನೋಡಿ. ಪೆಪ್ಟೈಡ್ ಬೇಗ ಕಡಿದುಹೋದರೆ ತುದಿಯ ಅರ್ಜಿನಿನ್‌ಗಳನ್ನು ಡಿ-ರೂಪಕ್ಕೆ (ಕನ್ನಡಿಬಿಂಬದ ರೂಪ) ಬದಲಿಸಿ. ಕಿಣ್ವಗಳಿಗೆ ಆ ತಿರುವುಮುರುವು ರೂಪ ಹಿಡಿಸುವುದಿಲ್ಲ. ಉಂಗುರವನ್ನು ಎರಡು ಸಿಸ್ಟೀನ್‌ಗಳ ಗಂಧಕದ ಕೊಂಡಿಯಿಂದ ಮುಚ್ಚಿದ್ದಾರೆಯೇ? ಹಾಗಿದ್ದರೆ ಕೋಶದೊಳಗಿನ ಗ್ಲುಟಾಥಯೋನ್ ಎಂಬ ಅಣು ಅದನ್ನು ಬಿಚ್ಚಿ, ಉಂಗುರವನ್ನು ಬರೀ ದಾರ ಮಾಡುತ್ತದೆ. ಥಯೋಈಥರ್ (ಗಂಧಕ–ಇಂಗಾಲದ) ಕೊಂಡಿ ಹಾಗೆ ಬಿಚ್ಚುವುದಿಲ್ಲ.

ಅರ್ಜಿನಿನ್ ಬಾಲ ಪೆಪ್ಟೈಡನ್ನು ಕೋಶದೊಳಕ್ಕೆ ಎಳೆದರೂ ಹೆಚ್ಚಿನ ಪಾಲು ಎಂಡೋಸೋಮ್ ಚೀಲಗಳಲ್ಲೇ ಸಿಕ್ಕಿಬೀಳುತ್ತದೆ. ಸೂಕ್ಷ್ಮದರ್ಶಕದಲ್ಲಿ ಚುಕ್ಕೆ ಚುಕ್ಕೆಯಾಗಿ ಹೊಳೆದರೆ ಗೆದ್ದೆವೆಂದು ತಿಳಿಯಬೇಡಿ, ಕೆರಾಸ್ ಇರುವುದು ಕೋಶಪೊರೆಯ ಒಳಮೈಯಲ್ಲಿ. ಕೋಶ ಸತ್ತಿತೇ ಎಂದು ನೋಡುವ ಮುನ್ನ ಫಾಸ್ಫೊ-ಇಆರ್‌ಕೆ (ಕೆರಾಸ್‌ನ ಸಂಕೇತ ಮುಂದೆ ಹರಿಯುತ್ತಿದೆ ಎಂದು ತೋರಿಸುವ ಪ್ರೋಟೀನ್) ಇಳಿಯಿತೇ ಎಂದು ನೋಡಿ. ಅದೇ ಅಮೈನೊ ಆಮ್ಲಗಳನ್ನು ಅಡ್ಡಾದಿಡ್ಡಿ ಜೋಡಿಸಿದ ಪೆಪ್ಟೈಡನ್ನೂ ಹೋಲಿಕೆಗೆ ಪಕ್ಕದಲ್ಲಿ ಇಡಲೇಬೇಕು. ಏಕೆಂದರೆ ಅರ್ಜಿನಿನ್ ಹೆಚ್ಚಿದ್ದರೆ ಪೊರೆ ಹರಿದೂ ಕೋಶ ಸಾಯಬಹುದು.

ಪ್ರಶ್ನೆ: ಅಮ್ಮನ ಶ್ವಾಸಕೋಶ ಕ್ಯಾನ್ಸರ್ ವರದಿಯಲ್ಲಿ ಇಜಿಎಫ್‌ಆರ್ ಎಂಬ ಪ್ರೋಟೀನಿನ ರೂಪಾಂತರ ಎಲ್858ಆರ್ ಎಂದಿದೆ. ಪೆಪ್ಟೈಡ್ ಔಷಧ ಬರುವವರೆಗೆ ಕಾಯಬಹುದೇ?
— ಓದುಗ, ಕುಂದಾಪುರ

ಉತ್ತರ: ಬೇಡ. ಈ ರೂಪಾಂತರಕ್ಕೆ ಒಸಿಮರ್ಟಿನಿಬ್‌ನಂಥ ಮಾತ್ರೆಗಳು ಈಗಲೇ ಇವೆ. ಅದರ ರೂಢಿಯ ಪ್ರಮಾಣ ದಿನಕ್ಕೊಮ್ಮೆ 80 ಮಿಲಿಗ್ರಾಂ. ಅಮ್ಮನಿಗೆ ಯಾವುದು ಸರಿ ಎಂದು ಕ್ಯಾನ್ಸರ್ ತಜ್ಞರನ್ನು ಈ ವಾರವೇ ಕೇಳಿ. ಇಜಿಎಫ್‌ಆರ್‌ನಲ್ಲಿ ಸಣ್ಣ ಅಣು ಕೂರಲು ಗುಳಿ ಇದೆ. ಕೆರಾಸ್‌ನ ಮೈ ನುಣುಪು, ಅಲ್ಲಿ ಅಗಲವಾಗಿ ಹಬ್ಬಿ ಹಿಡಿಯಬೇಕು. ಪೆಪ್ಟೈಡಿನ ಆಸೆ ಇರುವುದು ಅಂಥ ಕಡೆ.

ಪ್ರಶ್ನೆ: ಪೆಪ್ಟೈಡನ್ನು ನುಂಗಿದರೆ ಜೀರ್ಣವಾಗಿ ಹೋಗುವುದಿಲ್ಲವೇ?
— ಬಿ.ಫಾರ್ಮ ವಿದ್ಯಾರ್ಥಿ, ಮಣಿಪಾಲ

ಉತ್ತರ: ಹೆಚ್ಚಿನವು ಹೋಗುತ್ತವೆ. ಆದರೆ ಸೈಕ್ಲೊಸ್ಪೋರಿನ್ ಎಂಬ ಔಷಧ 11 ಅಮೈನೊ ಆಮ್ಲಗಳ ಉಂಗುರ. ಅದರ ಏಳು ಕೊಂಡಿಗಳ ಸಾರಜನಕಕ್ಕೆ ಮೀಥೈಲ್ ಗುಂಪು ಅಂಟಿದೆ. ಹಾಗಾಗಿ ಕಿಣ್ವಗಳಿಗೆ ಸುಲಭಕ್ಕೆ ತುತ್ತಾಗದ ಅದನ್ನು ನುಂಗಲು ಕೊಡುತ್ತಾರೆ.