ವೆಕ್ಟರ್‌ನ ವೆಕ್ಟರ್‌ನಿಂದ ಭಾಗಿಸೋಕೆ ಬರಲ್ವಾ?

ಪ್ರಶ್ನೆ: ಡಾಟ್ ಪ್ರಾಡಕ್ಟ್ ಮಾಡಿದ್ರೆ ನಂಬರ್ ಬರತ್ತೆ, ಕ್ರಾಸ್ ಪ್ರಾಡಕ್ಟ್ ಮಾಡಿದ್ರೆ ಇನ್ನೊಂದು ವೆಕ್ಟರ್ ಬರತ್ತೆ. ಗುಣಾಕಾರ ಎರಡು ಥರ ಇದೆ, ಭಾಗಾಕಾರ ಮಾತ್ರ ಒಂದೂ ಇಲ್ಲ, ಯಾಕೆ? ಕ್ಲಾಸಲ್ಲಿ ಕೇಳಿದ್ರೆ ‘ವೆಕ್ಟರ್‌ನ ಭಾಗಿಸೋಕೆ ಬರಲ್ಲ, ಮುಂದಿನ ಲೆಕ್ಕ ಮಾಡು’ ಅಂದ್ರು.
– ದ್ವಿತೀಯ ಪಿಯು ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಬರತ್ತಮ್ಮ, ಚೆನ್ನಾಗಿ ಬರತ್ತೆ, ಜಿಯೋಮೆಟ್ರಿಕ್ ಆಲ್ಜೀಬ್ರಾ ಅನ್ನೋ ಗಣಿತದಲ್ಲಿ. ಒಂದು ಹಾಳೆ ತಗೊಂಡು ಕೂತ್ಕೋ, ಹತ್ತು ನಿಮಿಷದ ಕೆಲಸ.

ವೆಕ್ಟರ್ ಅಂದ್ರೆ ಉದ್ದ, ದಿಕ್ಕು ಎರಡೂ ಇರೋ ಬಾಣ. ಪೂರ್ವಕ್ಕೆ ಒಂದು ಹೆಜ್ಜೆ, ಅದಕ್ಕೆ ‘ಪೂ’ ಅನ್ನೋಣ. ಉತ್ತರಕ್ಕೆ ಒಂದು ಹೆಜ್ಜೆ, ಅದು ‘ಉ’. ನಿಯಮ ಒಂದೇ ಒಂದು: ಯಾವ ವೆಕ್ಟರ್‌ನೇ ಆಗ್ಲಿ ಅದರಿಂದಲೇ ಗುಣಿಸಿದ್ರೆ ಅದರ ಉದ್ದದ ವರ್ಗ ಬರ್ಬೇಕು. ಅಂದ್ರೆ ಪೂಪೂ = 1, ಉಉ = 1. ಈಗ ಈಶಾನ್ಯಕ್ಕೆ ಹೋಗೋ (ಪೂ + ಉ) ತಗೋ, ಪೈಥಾಗೊರಸ್ ಪ್ರಕಾರ ಅದರ ಉದ್ದದ ವರ್ಗ 2. ಬಿಡಿಸಿ ಬರೆದ್ರೆ ಪೂಪೂ + ಉಉ + ಪೂಉ + ಉಪೂ, ಮೊದಲಿನ ಎರಡರಲ್ಲೇ 2 ಬಂದುಬಿಡ್ತು, ಹಾಗಾಗಿ ಉಳಿದ ಎರಡೂ ಸೇರಿ ಸೊನ್ನೆ ಆಗಲೇಬೇಕು. ಅಂದ್ರೆ ಪೂಉ = −ಉಪೂ. ಅದಲು ಬದಲು ಮಾಡಿದ್ರೆ ಚಿಹ್ನೆ ತಿರುಗತ್ತೆ. ಇದನ್ನ ಯಾರೂ ಹೊರಗಿಂದ ತಂದು ಹಾಕಿದ್ದಲ್ಲ, ಪೈಥಾಗೊರಸ್ ಒಳಗೇ ಇತ್ತು!

ಇನ್ನು ಭಾಗಾಕಾರ. 3ಪೂ + 4ಉ ಅನ್ನೋ ವೆಕ್ಟರ್‌ನ ವರ್ಗ 9 + 16 = 25. ಹಾಗಾದ್ರೆ ಅದೇ ವೆಕ್ಟರ್‌ನ 25ರಿಂದ ಭಾಗಿಸಿ ಇಟ್ಕೊಂಡ್ರೆ ಅದೇ ಅದರ ವಿಲೋಮ, ಎರಡನ್ನೂ ಗುಣಿಸಿದ್ರೆ 1. ಆ ವಿಲೋಮದಿಂದ ಗುಣಿಸೋದೇ ಭಾಗಿಸೋದು. ಸೊನ್ನೆ ವೆಕ್ಟರ್ ಒಂದನ್ನ ಬಿಟ್ಟು ಎಲ್ಲದಕ್ಕೂ ಇದು ನಡೆಯತ್ತೆ.

ಪೂಉ ಅಂದ್ರೆ ಏನು ಅಂತ ಕೇಳ್ತೀಯ. ಅದು ನಂಬರ್ ಅಲ್ಲ, ಬಾಣ ಅಲ್ಲ, ನೆಲದ ಮೇಲಿನ ಒಂದು ಚೌಕ, ಅದೂ ಸುತ್ತೋ ದಿಕ್ಕಿನ ಸಮೇತ. ಬೈವೆಕ್ಟರ್ ಅಂತಾರೆ. ಅದರ ವರ್ಗ ಮಾಡು: ಪೂಉಪೂಉ, ನಡುವಿನ ಎರಡನ್ನ ಅದಲು ಬದಲು ಮಾಡಿದ್ರೆ −ಪೂಪೂಉಉ, ಅಂದ್ರೆ −1. ‘ಕಾಲ್ಪನಿಕ ಸಂಖ್ಯೆ’ ಅಂತ ಹೆದರಿಸ್ತಾರಲ್ಲ, ಅದು ಇಲ್ಲಿ ಅಂಗಳದಲ್ಲಿ ಬಿಟ್ಟ ಒಂದು ಚೌಕದ ಥರ ಕಣ್ಣೆದುರಿಗೇ ಇದೆ. ನಾನು ಇದನ್ನ ಮೊದಲ ಸಲ ಬರೆದು ನೋಡಿದ ದಿನ ರಾತ್ರಿ ನಿದ್ದೆ ಬರ್ಲಿಲ್ಲ.

ಯಾವ ಎರಡು ವೆಕ್ಟರ್ ಗುಣಿಸಿದ್ರೂ ಉತ್ತರದಲ್ಲಿ ಒಂದು ನಂಬರ್ ಭಾಗ, ಒಂದು ಚೌಕದ ಭಾಗ ಇರತ್ತೆ. ನಂಬರ್ ಭಾಗವೇ ನಿನ್ನ ಡಾಟ್ ಪ್ರಾಡಕ್ಟ್. ಚೌಕದ ಭಾಗಕ್ಕೆ ಲಂಬವಾಗಿ ಒಂದು ಬಾಣ ನೆಟ್ಟು ಅದಕ್ಕೆ ಕ್ರಾಸ್ ಪ್ರಾಡಕ್ಟ್ ಅಂದ್ರು. ಸೈಕಲ್ ಚಕ್ರ ತಿರುಗುವಾಗ ಆಕ್ಸಲ್ ಉದ್ದಕ್ಕೆ ಬಾಣ ಹಾಕಿಸ್ತಾರಲ್ಲ, ಆ ಬಾಣದ ದಿಕ್ಕಲ್ಲಿ ನಿಜವಾಗಿ ಏನೂ ಹೋಗ್ತಿಲ್ಲ, ತಿರುಗ್ತಾ ಇರೋದು ಚಕ್ರದ ಸಮತಲ. ಮೂರು ಆಯಾಮದಲ್ಲಿ ಆ ಲಂಬ ಒಂದೇ ಇರೋದ್ರಿಂದ ಬಾಣ ನಡೆಯತ್ತೆ, ಕಾಗದದ ಎರಡು ಆಯಾಮದೊಳಗೆ ಬಾಣ ನೆಡೋಕೆ ಜಾಗವೇ ಇಲ್ಲ, ಚೌಕ ಮಾತ್ರ ಎಲ್ಲಿ ಬೇಕಾದ್ರೂ ಇರತ್ತೆ.

ಚೌಕದ ಯೋಚನೆ ಹರ್ಮನ್ ಗ್ರಾಸ್‌ಮನ್ ಅವರದ್ದು. ಸ್ಟೆಟಿನ್ ಅನ್ನೋ ಊರಲ್ಲಿ ಮೇಷ್ಟ್ರಾಗಿದ್ದೋರು, 1844ರಲ್ಲಿ ಪುಸ್ತಕ ಬರೆದ್ರು, ಓದೋರೇ ಇರ್ಲಿಲ್ಲ. ಆಮೇಲೆ ಸಂಸ್ಕೃತದ ಕಡೆ ಹೋಗಿ ಋಗ್ವೇದಕ್ಕೆ ನಿಘಂಟು ಮಾಡಿದ್ರು, ಅದನ್ನ ವಿದ್ವಾಂಸರು ಇವತ್ತಿಗೂ ತೆಗೆದು ನೋಡ್ತಾರೆ. ಗ್ರಾಸ್‌ಮನ್ ಚೌಕವನ್ನೂ ಐರ್ಲೆಂಡಿನ ಗಣಿತಜ್ಞ ಹ್ಯಾಮಿಲ್ಟನ್ 1843ರಲ್ಲಿ ಕಂಡುಹಿಡಿದ, ನಾಲ್ಕು ಭಾಗ ಇರೋ ಸಂಖ್ಯೆಯಾದ ಕ್ವಾಟರ್ನಿಯನ್‌ನೂ ಒಂದೇ ಗುಣಾಕಾರದಲ್ಲಿ ಸೇರಿಸಿದ್ದು ಇಂಗ್ಲೆಂಡಿನ ವಿಲಿಯಂ ಕಿಂಗ್ಡನ್ ಕ್ಲಿಫರ್ಡ್, 1878ರಲ್ಲಿ. ಅದರ ಹಿಂದಿನ ವರ್ಷವೇ ಗ್ರಾಸ್‌ಮನ್ ತೀರ್ಕೊಂಡಿದ್ರು, ಮುಂದಿನ ವರ್ಷ ಕ್ಲಿಫರ್ಡ್ ಕೂಡ ಕ್ಷಯದಿಂದ ಹೋದ್ರು, ಬರೀ 33 ವರ್ಷ. ಆಮೇಲೆ ಗಿಬ್ಸ್, ಹೆವಿಸೈಡ್ ಅನ್ನೋ ಇಬ್ಬರು ವಿಜ್ಞಾನಿಗಳ ಡಾಟ್–ಕ್ರಾಸ್ ಪದ್ಧತಿ ಎಲ್ಲಾ ಕಡೆ ಹರಡ್ತು, ನಿನ್ನ ಪಠ್ಯದಲ್ಲಿ ಇರೋದು ಅದೇ.

ಪ್ರಶ್ನೆ: ಗೇಮ್ ಕಂಪನಿಯಲ್ಲಿ ಕೆಲಸ ಮಾಡ್ತೀನಿ, ರೊಟೇಶನ್‌ಗೆ ಕ್ವಾಟರ್ನಿಯನ್ ಹಾಕ್ತೀವಿ. 90 ಡಿಗ್ರಿ ತಿರುಗಿಸೋಕೆ ಕೋಡಲ್ಲಿ 45 ಡಿಗ್ರಿಯ ಸೈನ್, ಕೊಸೈನ್ ಕೊಡ್ಬೇಕು. ಈ ಅರ್ಧ ಎಲ್ಲಿಂದ ಬಂತು?
– ಬೆಂಗಳೂರಿಂದ ಒಬ್ಬ ಓದುಗರು

ಉತ್ತರ: ಕನ್ನಡಿಯಿಂದ ಬಂತು ಸರ್. ಒಂದು ಕನ್ನಡಿ 0 ಡಿಗ್ರಿಯಲ್ಲಿ, ಇನ್ನೊಂದು 45ರಲ್ಲಿ ಇದೆ ಅನ್ಕೊಳ್ಳಿ. 10 ಡಿಗ್ರಿಯಲ್ಲಿ ಒಂದು ಚುಕ್ಕೆ ಇಡಿ. ಮೊದಲ ಕನ್ನಡಿಯಲ್ಲಿ ಅದು −10ಕ್ಕೆ ಹೋಗತ್ತೆ, ಅಲ್ಲಿಂದ ಎರಡನೇದರಲ್ಲಿ 100ಕ್ಕೆ. ಅಂದ್ರೆ ಪೂರಾ 90 ಡಿಗ್ರಿ ತಿರುಗ್ತು, ಕನ್ನಡಿಗಳ ನಡುವೆ ಇದ್ದಿದ್ದು ಮಾತ್ರ 45. ಎಲ್ಲಾ ತಿರುಗೋದೂ ಎರಡು ಪ್ರತಿಬಿಂಬ ಸೇರಿ ಆಗೋದೇ, ಕ್ಲಿಫರ್ಡ್ ಗುಣಾಕಾರದಲ್ಲಿ ಎರಡೂ ಕನ್ನಡಿಯ ಲಂಬ ವೆಕ್ಟರ್‌ಗಳನ್ನ ಗುಣಿಸಿಟ್ಟರೆ ಅದೇ ರೋಟರ್, ಅದೇ ನಿಮ್ಮ ಕ್ವಾಟರ್ನಿಯನ್. ಅದರೊಳಗೆ ಕೂತಿರೋದು ಕನ್ನಡಿಗಳ ನಡುವಿನ ಕೋನ, ಹಾಗಾಗಿ ಅರ್ಧ.

ಇಲ್ಲೊಂದು ಅದ್ಭುತ ಇದೆ, ಬಿಡೋಕೆ ಮನಸ್ಸಿಲ್ಲ. 360 ಡಿಗ್ರಿ ತಿರುಗಿಸೋ ರೋಟರ್ 1 ಅಲ್ಲ, −1! ಮತ್ತೆ 1 ಆಗೋಕೆ 720 ಬೇಕು. ಮನೇಲಿ ಅಂಗೈ ಮೇಲೆ ಊಟದ ತಟ್ಟೆ ಇಟ್ಕೊಂಡು, ತಟ್ಟೆ ಮಟ್ಟ ತಪ್ಪದ ಹಾಗೆ ಕಂಕುಳ ಕೆಳಗಿಂದ ಒಂದು ಸುತ್ತು ತನ್ನಿ: ತಟ್ಟೆ ಮೊದಲಿನ ಹಾಗೇ ಇರತ್ತೆ, ತೋಳು ಮಾತ್ರ ತಿರುಚಿಕೊಂಡಿರತ್ತೆ. ಅದೇ ದಿಕ್ಕಲ್ಲಿ ತಲೆ ಮೇಲಿಂದ ಇನ್ನೊಂದು ಸುತ್ತು ತನ್ನಿ, ತೋಳು ಸರಿಹೋಗತ್ತೆ. ಎಲೆಕ್ಟ್ರಾನ್, ನ್ಯೂಟ್ರಾನ್ ಥರದ ಕಣಗಳೂ ಹೀಗೇ. 1928ರಲ್ಲಿ ಭೌತವಿಜ್ಞಾನಿ ಡಿರಾಕ್ ಎಲೆಕ್ಟ್ರಾನ್ ಸಮೀಕರಣಕ್ಕೆ ನಾಲ್ಕು ಮ್ಯಾಟ್ರಿಕ್ಸ್ (ಸಂಖ್ಯೆಗಳ ಚೌಕ ಪಟ್ಟಿ) ಹುಡುಕಿದ್ರು, ಅವು ಪಾಲಿಸೋದು ಮೇಲೆ ಆ ಹುಡುಗಿಗೆ ಹೇಳಿದ ‘ಅದಲು ಬದಲು ಮಾಡಿದ್ರೆ ಚಿಹ್ನೆ ತಿರುಗತ್ತೆ’ ಅನ್ನೋ ನಿಯಮವನ್ನೇ. 1975ರಲ್ಲಿ ನ್ಯೂಟ್ರಾನ್ ಕಿರಣವನ್ನ ಸಿಲಿಕಾನ್ ಹರಳಿಂದ ಎರಡಾಗಿ ಸೀಳಿ, ಒಂದನ್ನ ಮಾತ್ರ ಕಾಂತಕ್ಷೇತ್ರದಲ್ಲಿ ತಿರುಗಿಸಿ ಮತ್ತೆ ಕೂಡಿಸಿ ನೋಡಿದ್ರು, ಆ ಮೈನಸ್ ನಿಜವಾಗ್ಲೂ ಸಿಕ್ತು.

ಪ್ರಶ್ನೆ: ಈ ಜಿಯೋಮೆಟ್ರಿಕ್ ಆಲ್ಜೀಬ್ರಾ ಕಲಿತ್ರೆ ಪರೀಕ್ಷೆಗೆ ಉಪಯೋಗ ಇದ್ಯಾ?
– ಒಬ್ಬ ತಂದೆ, ಹಾವೇರಿ

ಉತ್ತರ: ಪಿಯು ಪರೀಕ್ಷೆಯಲ್ಲಿ ಡಾಟ್, ಕ್ರಾಸ್ ಅಂತಲೇ ಬರೀಲಿ. ಆದ್ರೆ ಮಗು ಮುಂದೆ ಫಿಸಿಕ್ಸ್ ಓದೋದಾದ್ರೆ ಈಗಲೇ ತಡೀಬೇಡಿ. ಅಮೆರಿಕದ ಡೇವಿಡ್ ಹೆಸ್ಟೆನಿಸ್ 1966ರಿಂದ ಇದನ್ನ ಭೌತಶಾಸ್ತ್ರದವರ ದಿನಬಳಕೆಯ ಭಾಷೆ ಮಾಡ್ಬೇಕು ಅಂತ ಬರೀತಾ ಬಂದ್ರು, ಈ ಭಾಷೆಯಲ್ಲಿ ವಿದ್ಯುತ್ತು, ಕಾಂತತ್ವ ವಿವರಿಸೋ ಮ್ಯಾಕ್ಸ್‌ವೆಲ್‌ನ ನಾಲ್ಕು ಸಮೀಕರಣ ಒಂದೇ ಸಾಲಿಗೆ ಬರತ್ತೆ. ಶುರು ಮಾಡೋಕೆ ದೊಡ್ಡ ಪುಸ್ತಕ ಏನೂ ಬೇಡ, ಪೂ, ಉ ಜೊತೆಗೆ ಮೇಲಕ್ಕೆ ಹೋಗೋ ‘ಮೇ’ ಸೇರಿಸಿ, ಪೂಉಮೇ ಅನ್ನೋ ಘನದ ವರ್ಗ ಎಷ್ಟು ಅಂತ ಮಗು ಕೈಲಿ ಮಾಡಿಸಿ, ಉತ್ತರ ನಮಗೆ ಬರೆದು ಕಳಿಸ್ಲಿ.